ಮಾವನನ್ನು ಸಿಲೋನಿಗೆ ಕರೆದುಕೊಂಡು ಹೋದದ್ದು

ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ, ಬೇಕಾದರೆ ಮೂಡಬಿದಿರೆಯನ್ನೂ ಸೇರಿಸಿಕೊಳ್ಳಿ, ನನ್ನ ಸೋದರಮಾವನಷ್ಟು ಅಚ್ಚುಕಟ್ಟಾಗಿ ನಿರಾಶರಾಗಬಲ್ಲ ಮನುಷ್ಯ ಇನ್ನೊಬ್ಬರಿರಲಿಲ್ಲ! ನಾವೆಲ್ಲ ಏನಾದರೂ ಕೆಟ್ಟದ್ದಾದ ಮೇಲೆ ನಿರಾಶರಾಗುತ್ತೇವೆ. ಮಾವ ಹಾಗಲ್ಲ. ಅವರು ಮೊದಲೇ ನಿರಾಶರಾಗಿ, ಕೆಟ್ಟದ್ದು ಬರುವುದನ್ನು ಕಾಯುತ್ತ ಕುಳಿತಿರುತ್ತಿದ್ದರು. ಅದು ಬಾರದಿದ್ದರೆ ಅದಕ್ಕೂ ನಿರಾಶೆ!

ಬಂಟ್ವಾಳ ಪೇಟೆಯಲ್ಲಿ ಅವರದೊಂದು ಊಟದ ಹೋಟೆಲಿತ್ತು. ಹೋಟೆಲು ಇಟ್ಟವರು ಗಿರಾಕಿಗಳನ್ನು ಒಳಗೆ ಕರೆಯಬೇಕು ತಾನೆ? ಮಾವ ಬಾಗಿಲಲ್ಲೇ ತಡೆಯುತ್ತಿದ್ದರು.

"ಇವತ್ತು ಸಾರಿಗೆ ಉಪ್ಪು ಜಾಸ್ತಿ ಆಗಿದೆ. ಮೀನು ನೋಡಿದರೆ ನಿನ್ನೆಯದ್ದರ ಹಾಗೆ ಕಾಣ್ತದೆ. ನೀವು ಎದುರಿನ ಹೋಟೆಲಿಗೆ ಹೋಗಿ ಮಾರಾಯ್ರೆ."

ಆಶ್ಚರ್ಯವೆಂದರೆ ಜನ ಅವರನ್ನು ದಾಟಿಕೊಂಡು ಒಳಗೆ ಹೋಗಿ ಎಲೆಯ ಮುಂದೆ ಕುಳಿತುಕೊಳ್ಳುತ್ತಿದ್ದರು. ಇಷ್ಟು ಸತ್ಯ ಹೇಳುವವನ ಅಡುಗೆಯಲ್ಲಿ ಮೋಸ ಇರಲಿಕ್ಕಿಲ್ಲ ಎಂದು ಅವರ ನಂಬಿಕೆ. ಕೊನೆಗೆ ಎದುರಿನ ಹೋಟೆಲಿನವನೇ ವ್ಯಾಪಾರವಿಲ್ಲದೆ ಬಾಗಿಲು ಹಾಕಿ ಊರು ಬಿಟ್ಟ. ಆ ದಿನ ಮಾವ ತಲೆಯ ಮೇಲೆ ಕೈಹೊತ್ತು ಕುಳಿತರು. ಸಂತೋಷಪಡಬೇಕಾದವರು ಹೇಳಿದ್ದೇನು ಗೊತ್ತೇ? "ಇನ್ನು ಗಿರಾಕಿಗಳನ್ನು ಎಲ್ಲಿಗೆ ಕಳಿಸುವುದು?"

ನಾನು ಆಗ ಮೂಡಬಿದಿರೆಯಲ್ಲಿ ಶಾಲಾ ಮಾಸ್ತರನಾಗಿದ್ದೆ. ಒಮ್ಮೆ ನನ್ನಲ್ಲಿಗೆ ಬಂದ ಮಾವನನ್ನು ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋದೆ. ಊರೂರಿನಿಂದ ಜನ ಬಂದು ಬಾಯಿಬಿಟ್ಟು ನೋಡುವ ಕೆತ್ತನೆ. ಮಾವ ಮೊದಲ ಕಂಬದ ಬುಡದಲ್ಲೇ ನಿಂತು, "ಸಾವಿರ ಅಂತ ಯಾರು ಹೇಳಿದ್ದು?" ಎಂದರು. ಎಲ್ಲರೂ ಹೇಳುತ್ತಾರೆ ಎಂದೆ. "ಎಣಿಸಿದವರು ಯಾರು?" ಎಂದರು. ಅಷ್ಟು ಕೇಳಿ ಎಣಿಸಲು ಶುರು ಮಾಡಿಯೇಬಿಟ್ಟರು! ಅರ್ಧಕ್ಕೆ ಬಂದಾಗ ಯಾರೋ ಬಂದು ಊರು ಯಾವುದು ಎಂದು ಕೇಳುವುದು, ಲೆಕ್ಕ ತಪ್ಪುವುದು, ಮತ್ತೆ ಮೊದಲಿನಿಂದ ಶುರು. ಬಾಗಿಲು ಹಾಕುವ ಹೊತ್ತಿಗೆ ಅರ್ಚಕರೇ ಬಂದು ಕೈಮುಗಿದರು. ಹೊರಗೆ ಬರುತ್ತ ಮಾವ ಪರಮ ತೃಪ್ತಿಯಿಂದ ಹೇಳಿದರು: "ಕಡಿಮೆ ಬೀಳ್ತದೆ. ನನಗೆ ಮೊದಲೇ ಗೊತ್ತಿತ್ತು."

ಇಂಥವರ ಜೊತೆ ಸಂಸಾರ ಮಾಡುವುದು ಹೇಗೆ? ಅತ್ತೆ ಮಾಡಿದರು, ಅದೂ ನಗುನಗುತ್ತ. ಮಾವನ ನಿರಾಶೆ ಅವರಿಗೆ ದಿನನಿತ್ಯದ ತಮಾಷೆಯಾಗಿತ್ತು. "ಈ ಸಲದ ಮಳೆಗೆ ನೇತ್ರಾವತಿ ನಮ್ಮ ಜಗಲಿಗೇ ಬರ್ತಾಳೆ, ನೋಡ್ತಾ ಇರು" ಎಂದು ಮಾವ ಎಂದರೆ, "ಬರಲಿ, ಕಾಲು ತೊಳೀಲಿಕ್ಕೆ ಬಾವಿಕಟ್ಟೆಗೆ ಹೋಗುವ ಕೆಲಸ ತಪ್ಪಿತು" ಎನ್ನುವರು. ಹೇಳಿ ಒಂದು ನಗು. ಆ ನಗು ಪಕ್ಕದ ಅಂಗಡಿಗೂ ಕೇಳಿಸುತ್ತಿತ್ತು. ಮಾವ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು, ತಮ್ಮ ತುಟಿಯೂ ಅರಳಿದ್ದು ಯಾರಿಗೂ ಕಾಣಬಾರದೆಂದು. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಇದ್ದದ್ದು ಈ ಬೈಗುಳ, ಈ ನಗು, ಇಷ್ಟೇ.

ಒಂದು ಮಳೆಗಾಲದಲ್ಲಿ ಜ್ವರ ಬಂದು ಅತ್ತೆ ತೀರಿಕೊಂಡರು.

ಅಂದಿನಿಂದ ಮಾವನ ನಿರಾಶೆಯೂ ನಿಂತುಹೋಯಿತು. ಒಳ್ಳೆಯದೇ ಆಯಿತಲ್ಲ ಎನ್ನುತ್ತೀರಾ? ನೀವು ನೋಡಿಲ್ಲ, ಅದಕ್ಕೆ ಹಾಗೆನ್ನುತ್ತೀರಿ. ಅವರು ಹೋಟೆಲಿನ ಬಾಗಿಲಲ್ಲಿ ಕುಳಿತಿರುತ್ತಿದ್ದರು, ಯಾರನ್ನೂ ತಡೆಯುತ್ತಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯೋ ಕಡಿಮೆಯೋ ಹೇಳುವವರಿಲ್ಲ. ಗಿರಾಕಿಗಳು ಅನುಮಾನದಿಂದ ಒಳಗೆ ಇಣುಕಿ ಹಿಂದೆ ಹೋಗತೊಡಗಿದರು. ನನ್ನ ತಾಯಿ, ಅಂದರೆ ಮಾವನ ಅಕ್ಕ, ಹೋಗಿ ಮಾತಾಡಿಸಿದರೆ "ಹೂಂ" ಎನ್ನುವರು. ಅಷ್ಟೆ.

ಪಾಣೆಮಂಗಳೂರಿನಲ್ಲಿ ಮಾವನ ಬಾಲ್ಯದ ಗೆಳೆಯರೊಬ್ಬರಿದ್ದರು, ನಮ್ಮ ಕಡೆಯ ಮುಸ್ಲಿಮರಾದ ಬ್ಯಾರಿಗಳು, ವ್ಯಾಪಾರಸ್ಥರು. ಅವರ ತಮ್ಮನಿಗೆ ಕೊಲಂಬೋದಲ್ಲಿ ಜೀನಸಿನ ಅಂಗಡಿ. ಒಂದು ದಿನ ಆ ಗೆಳೆಯರು ಬಂದು ಮಾವನ ಪಕ್ಕದ ಬೆಂಚಿನಲ್ಲಿ ಕುಳಿತು, "ಶೆಟ್ರೆ, ಒಮ್ಮೆ ಸಿಲೋನ್ ನೋಡಿಕೊಂಡು ಬನ್ನಿ. ನನ್ನ ತಮ್ಮನ ಮನೆ ಉಂಟು, ನಿಮ್ಮದೇ ಮನೆ ಅಂತ ತಿಳ್ಕೊಳ್ಳಿ. ಈ ಜಾಗದಲ್ಲೇ ಕೂತ್ರೆ ನೀವು ಕಲ್ಲಾಗ್ತೀರಿ" ಎಂದರು. ಮಾವ "ಹೂಂ" ಎಂದರು. ಆ ಒಂದು "ಹೂಂ" ಹಿಡಿದುಕೊಂಡು ನನ್ನ ತಾಯಿ ಎಲ್ಲ ಏರ್ಪಾಟು ಮಾಡಿಬಿಟ್ಟರು. ಜೊತೆಗೆ ಹೋಗಲು ಬೇಸಿಗೆ ರಜೆಯ ಮಾಸ್ತರನಲ್ಲದೆ ಇನ್ಯಾರು?

"ಅವನನ್ನು ನಗಿಸು ಅಂತ ಹೇಳುವುದಿಲ್ಲ ಮಗಾ" ಎಂದರು ತಾಯಿ. "ಒಂದು ಸಲ ಯಾರನ್ನಾದರೂ ಬೈದರೆ ಸಾಕು."

ಧನುಷ್ಕೋಡಿಗೆ ಇನ್ನೂ ರೈಲು ಹೋಗುತ್ತಿದ್ದ ಕಾಲ ಅದು. ರೈಲು ಪ್ರಯಾಣದ ಉದ್ದಕ್ಕೂ ಮಾವ ತುಟಿ ಬಿಚ್ಚಲಿಲ್ಲ. ಅಲ್ಲಿಂದ ಹಡಗು. ಹಡಗು ಹೊರಟದ್ದೇ ತಡ, ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಸಮುದ್ರದ ಪಾಲಾಯಿತು. ಕಂಬಿ ಹಿಡಿದು ಜೋತುಬಿದ್ದಿದ್ದೆ. ಮಾವ ನನ್ನ ಪಕ್ಕದಲ್ಲಿ ಕಂಬದ ಹಾಗೆ ನಿಂತು ನೀರನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರು ಗಂಟಲು ಸರಿಮಾಡಿಕೊಂಡರು.

"ಇಷ್ಟೆಯಾ ಸಮುದ್ರ? ನಮ್ಮ ನೇತ್ರಾವತಿಯ ನೆರೆ ಇದಕ್ಕಿಂತ ಜೋರು ಉಂಟು."

ವಾಂತಿ ಮಾಡುತ್ತಲೇ ನನಗೆ ಸಂತೋಷದಿಂದ ಕಣ್ಣೀರು ಬಂತು. ಮಾವ ಬೈದರು! ಸಮುದ್ರವನ್ನೇ ಬೈದರು!

ಆ ಸಂತೋಷ ಕೊಲಂಬೋದವರೆಗೆ ಮಾತ್ರ. ಅಲ್ಲಿಂದ ಮುಂದೆ ನಿರಾಶನಾಗುವ ಸರದಿ ನನ್ನದು. ಬ್ಯಾರಿಗಳ ತಮ್ಮ ದೇವರಂಥ ಮನುಷ್ಯ. ಬೆಳಿಗ್ಗೆ ಅಕ್ಕಿಹಿಟ್ಟಿನ ಬಿಸಿಬಿಸಿ ಅಪ್ಪ, ತೆಂಗಿನಕಾಯಿ ಚಟ್ನಿ ಇಟ್ಟು ಎದುರಿಗೆ ನಿಂತ. ಮಾವ ಒಂದು ತುಂಡು ಬಾಯಿಗೆ ಹಾಕಿ ನನ್ನ ಕಡೆ ತಿರುಗಿದರು.

"ಕಾಯಿ, ಮೆಣಸು, ಉಪ್ಪು. ನಮ್ಮ ಅಡುಗೆಮನೆಯದ್ದೇ ಚಟ್ನಿ. ಇದಕ್ಕೆ ಸಮುದ್ರ ದಾಟಬೇಕಿತ್ತಾ?"

ಪೇಟೆ ನೋಡಲು ಹೋದೆವು. ತೆಂಗಿನ ಮರ, ಹಲಸಿನ ಮರ, ಜೀಗುಜ್ಜೆ ಮರ. "ನಮ್ಮದೇ." ಅಂಗಡಿಯಲ್ಲಿ ಕುಚ್ಚಿಲಕ್ಕಿಯ ಮೂಟೆ. "ನಮ್ಮದೇ." ಕೊನೆಗೆ ಒಂದು ಹಳೆಯ ಬಂಗಲೆಯ ಮುಂದೆ ನಿಂತು, ಇದು ವಿಲಾಯತಿಯವರು ಕಟ್ಟಿದ್ದು ಮಾವ ಎಂದೆ, ಇದಾದರೂ ಬೇರೆಯಾಗಿರಲಿ ಎಂಬ ಆಸೆಯಿಂದ. ಮಾಡಿನಿಂದ ಜಾರಿ ಅಂಗಳಕ್ಕೆ ಬಿದ್ದಿದ್ದ ಹಂಚಿನ ಚೂರೊಂದನ್ನು ಮಾವ ಎತ್ತಿ ತಿರುಗಿಸಿದರು. ಮಂಗಳೂರು ಎಂದು ಅಚ್ಚೊತ್ತಿತ್ತು!

"ಮಣ್ಣು ಕೂಡ ನಮ್ಮ ಹೊಳೆಯದ್ದೇ" ಎಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಮನೆ ಬಿಟ್ಟು ಓಡಿಬಂದ ಮನುಷ್ಯ ದಾರಿಯ ಕೊನೆಯಲ್ಲಿ ತನ್ನ ಮನೆಯ ಬಾಗಿಲನ್ನೇ ಕಂಡರೆ ಹೇಗೆ ನಿಂತಾನೋ ಹಾಗೆ ನಿಂತಿದ್ದರು.

ಕ್ಯಾಂಡಿಗೆ ಹೋದೆವು. ಬುದ್ಧನ ದಂತವಿರುವ ದೇವಾಲಯ. ಎಂಥ ಸೊಗಸಾದ ಕೆರೆ, ಎಂಥ ಹೂವಿನ ಪರಿಮಳ, ಬಿಳಿ ಬಟ್ಟೆ ಉಟ್ಟ ಎಷ್ಟು ಶಾಂತ ಜನ! ಸಾಲಿನಲ್ಲಿ ನಿಂತು ನಿಂತು ಒಳಗೆ ಹೋದರೆ ಕಂಡದ್ದು ಚಿನ್ನದ ಕರಡಿಗೆ, ಅದೂ ದೂರದಿಂದ, ಕಣ್ಣುಮಿಟುಕಿಸುವಷ್ಟು ಹೊತ್ತು. ಹೊರಗೆ ಬಂದು ಹೇಗಿತ್ತು ಮಾವ ಎಂದು ಕೇಳಿದೆ. ಕೇಳಬಾರದಿತ್ತು.

"ಮುಂದೆ ನಿಂತವನ ಬೆನ್ನು ಚೆನ್ನಾಗಿ ಕಂಡಿತು" ಎಂದರು.

ಇಷ್ಟಾಗುವಾಗ ನಾನೊಂದು ಗಮನಿಸಿದೆ. ಪ್ರತಿ ಸಲ ಬೈದ ಮೇಲೆ ಮಾವ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು, ತಲೆ ತುಸು ವಾರೆ ಮಾಡಿ, ಏನೋ ಕೇಳಿಸಲಿಕ್ಕುಂಟು ಎನ್ನುವ ಹಾಗೆ. ಏನೂ ಕೇಳಿಸುತ್ತಿರಲಿಲ್ಲ. ಮತ್ತೆ ಮುಂದೆ ನಡೆಯುತ್ತಿದ್ದರು. ಒಮ್ಮೆ ನನಗೆ ತಡೆಯಲಾಗದೆ, ಅವರ ಮಾತು ಮುಗಿದೊಡನೆ ನಾನೇ ಗಟ್ಟಿಯಾಗಿ ನಕ್ಕೆ. ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂತ ಮಾರಾಯ, ಹಲ್ಲುನೋವಾ?" ಎಂದರು.

ಆ ಮೇಲೆ ನಾನು ಕೈಚೆಲ್ಲಿದೆ. ಆದರೂ ಆನೆ ಸ್ನಾನ ಮಾಡುವುದನ್ನು ತೋರಿಸಿದೆ, ಚಹಾ ತೋಟ ತೋರಿಸಿದೆ. ಮಾವ ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡುತ್ತ ಬಂದರು. "ನಮ್ಮದೇ" ಎನ್ನುವುದೂ ನಿಂತು, ಬಂಟ್ವಾಳದ ಆ "ಹೂಂ"ಗೆ ಮರಳಿದರು. ಇವರನ್ನು ಹೀಗೇ ತಿರುಗಿ ಕರೆದುಕೊಂಡು ಹೋಗಿ ತಾಯಿಗೆ ಯಾವ ಮುಖ ತೋರಿಸಲಿ? ರಜೆ ಒಮ್ಮೆ ಮುಗಿದರೆ ಸಾಕೆಂದು ಹಾರೈಸಿದ ಮಾಸ್ತರ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು!

ಕೊನೆಗೆ, ಹೋಗಲೇಬೇಕು ಎಂದು ಬ್ಯಾರಿಗಳ ತಮ್ಮ ಒತ್ತಾಯ ಮಾಡಿದ್ದರಿಂದ, ದಕ್ಷಿಣದ ಗಾಲೆಗೆ ಬಸ್ಸಿನಲ್ಲಿ ಹೋದೆವು. ಕಡಲ ದಂಡೆಯ ಹಳೆಯ ಕೋಟೆ. ಮಾವ ಅದರ ಗೋಡೆಯನ್ನು ತಲೆಯೆತ್ತಿ ನೋಡಲೂ ಇಲ್ಲ. ತಿರುಗಿ ಬಸ್ಸು ಹಿಡಿಯುವ ಜಾಗದಲ್ಲಿ, ಒಂದು ಮರದ ನೆರಳಿನಲ್ಲಿ ಮುದುಕಿಯೊಬ್ಬಳು ಮಣ್ಣಿನ ಮಡಕೆಗಳಲ್ಲಿ ಎಮ್ಮೆಯ ಮೊಸರು ಇಟ್ಟುಕೊಂಡು ಕುಳಿತಿದ್ದಳು. ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಇಬ್ಬರಿಗೂ ಒಂದೊಂದು ಬಟ್ಟಲು ತೆಗೆದುಕೊಂಡೆ. ಅವಳು ಮೊಸರಿನ ಮೇಲೆ ಕಪ್ಪು ಬೆಲ್ಲದ ಪಾಕ ಸುರಿದು ಕೊಟ್ಟು, ಮಾವನ ಮುಖವನ್ನೇ ನೋಡುತ್ತ ಕುಳಿತಳು.

ಮಾವ ಒಂದು ಚಮಚ ತಿಂದರು. ಹುಬ್ಬು ಗಂಟಿಕ್ಕಿತು. ಮನೆಯಲ್ಲಿ ಆಡುವ ತುಳುವಿನಲ್ಲೇ ಅವಳಿಗೆ ಹೇಳಿದರು: "ಮೊಸರು ಅಂದ ಮೇಲೆ ಸ್ವಲ್ಪ ಹುಳಿ ಬೇಡವಾ? ಇದಕ್ಕೆ ಬೆಲ್ಲ ಬೇರೆ ಹೊಯ್ದಿದ್ದೀಯ. ಎಂತ ಕರ್ಮ!"

ಅವಳಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಆ ಮುಖ ಕಂಡು ಅವಳಿಗೆ ನಗು ಬಂತು. ಮೈ ಕುಲುಕಿಸಿ, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ರಸ್ತೆಯ ಆಚೆಗೂ ಕೇಳಿಸುವ ಹಾಗೆ ನಕ್ಕಳು. ಬಟ್ಟಲಿಗೆ ಇನ್ನೊಂದು ಸವಟು ಮೊಸರು ಹಾಕಿದಳು.

ಮಾವ ಬಟ್ಟಲು ಕೆಳಗಿಟ್ಟು ಅವಳ ಎದುರಿಗೆ ನೆಲದ ಮೇಲೆ ಕುಳಿತರು.

"ಅಕ್ಕಾ" ಎಂದರು. "ನನ್ನ ಹೆಂಡತಿ ಹೀಗೇ ನಗಾಡ್ತಿದ್ದಳು. ನಾನು ಎಂತ ಹೇಳಿದರೂ ನಗಾಡುವುದು. ಅವಳಿಗೆ ಜ್ವರ ಬಂತು. ಡಾಕ್ಟ್ರು ನನ್ನನ್ನು ಹೊರಗೆ ಕರೆದು, ಇನ್ನು ಆಸೆ ಇಲ್ಲ ಅಂತ ಹೇಳಿದರು. ನಾನು ಒಳಗೆ ಬಂದೆ. 'ಎಂತ ಹೇಳಿದರು?' ಅಂತ ಕೇಳಿದಳು. ನಾನು ಎಂತ ಹೇಳುವುದು ಅಕ್ಕಾ? 'ಎಂತ ಇಲ್ಲ, ಎಲ್ಲ ಸರಿ ಆಗ್ತದೆ' ಹೇಳಿದೆ. ನನ್ನ ಆಯುಸ್ಸಿನಲ್ಲಿ ನಾನು ಹಾಗೆ ಹೇಳಿದ್ದು ಅದೊಂದೇ ಸಲ. ಅವಳು ನನ್ನ ಮುಖವನ್ನೇ ನೋಡಿದಳು. 'ನಿಮ್ಮ ಬಾಯಿಯಲ್ಲಿ ಈ ಮಾತು ಬಂತು ಅಂದರೆ ನನ್ನದು ಮುಗಿಯಿತು ಅಂತ ಆಯ್ತು' ಹೇಳಿದಳು. ಹೇಳಿ ನಗಾಡಿದಳು. ಅದೇ ಕೊನೆ."

ಮುದುಕಿ ನಗುವುದನ್ನು ನಿಲ್ಲಿಸಿದ್ದಳು. ಸವಟು ಮಡಕೆಯೊಳಗೆ ಹಾಗೇ ಇತ್ತು.

"ಯಾವಾಗಿನ ಹಾಗೆ, 'ನೀನು ಬದುಕುವುದಿಲ್ಲ ಮಾರಾಯ್ತಿ, ಈ ಔಷಧ ಎಲ್ಲ ದಂಡ' ಅಂತ ಬೈದಿದ್ದರೆ ಅವಳಿಗೆ ಗೊತ್ತೇ ಆಗ್ತಿರಲಿಲ್ಲ. ಧೈರ್ಯದಲ್ಲಿ ಇರ್ತಿದ್ದಳು. ನಾನು ಒಳ್ಳೆಯ ಮಾತು ಹೇಳಲಿಕ್ಕೆ ಹೋಗಿ ಅವಳನ್ನು ಹೆದರಿಸಿದೆ ಅಕ್ಕಾ."

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಮಾವನ ಕೈಯ ಮೇಲೆ ಇಟ್ಟಳು. ಸಿಂಹಳದಲ್ಲಿ ಏನೋ ಹೇಳತೊಡಗಿದಳು, ನಿಧಾನವಾಗಿ, ಬಹಳ ಹೊತ್ತು. ಮಾವ ತಲೆಯಾಡಿಸುತ್ತ ಕೇಳಿದರು, ನಡುನಡುವೆ "ಹೌದು, ಹೌದು" ಎಂದರು. ಒಂದು ಬಸ್ಸು ಬಂದು ಹೋಯಿತು. ನಾನು ಕೈ ಎತ್ತಿ ನಿಲ್ಲಿಸಲಿಲ್ಲ.

ಮುಂದಿನ ಬಸ್ಸಿನಲ್ಲಿ ಜಾಗ ಸಿಕ್ಕಿತು. ನಮ್ಮ ಮನೆತನದಲ್ಲಿ ಸೋದರಮಾವನ ಎದುರು ಸೋದರಳಿಯ ಕುಳಿತುಕೊಳ್ಳುವ ಕ್ರಮವೇ ಇರಲಿಲ್ಲ. ಇಷ್ಟು ದಿನ ಬೇರೆ ಸೀಟು ಹುಡುಕಿಕೊಳ್ಳುತ್ತಿದ್ದೆ, ಈ ಬಸ್ಸಿನಲ್ಲಿ ಬೇರೆ ದಾರಿಯಿಲ್ಲದೆ ಒಂದೇ ಸೀಟಿನಲ್ಲಿ ಮೈಮುದುಡಿಕೊಂಡು ಕುಳಿತಿದ್ದೆ. ಕಡಲು ಕಿಟಕಿಯ ಜೊತೆಗೇ ಬರುತ್ತಿತ್ತು.

"ಮೊಸರು ಪರವಾಗಿಲ್ಲ" ಎಂದರು ಮಾವ.

ಸ್ವಲ್ಪ ಹೊತ್ತಿನಲ್ಲಿ ಅವರ ತಲೆ ವಾಲಿ ನನ್ನ ಹೆಗಲಿಗೆ ಬಂತು. ಬಾಯಿ ತುಸು ತೆರೆದಿತ್ತು, ಮಗುವಿನ ಹಾಗೆ ಉಸಿರಾಡುತ್ತಿದ್ದರು. ನಾವು ಇಳಿಯಬೇಕಾದ ಜಾಗ ಬಂತು. ಕಂಡಕ್ಟರ್ ಕೂಗಿದ, ನನ್ನ ಕಡೆ ನೋಡಿ ಇನ್ನೊಮ್ಮೆ ಕೂಗಿದ. ನಾನು ತುಟಿಯ ಮೇಲೆ ಬೆರಳಿಟ್ಟು, ಮುಂದಿನ ಊರಿಗೆ ಟಿಕೆಟು ಕೊಡು ಎಂದು ಕೈಸನ್ನೆ ಮಾಡಿದೆ.