ಮೇಂಗ್ ಸಾಹೇಬರ ಮದುವೆಯ ಹೂಗುಚ್ಛ

ಹನ್ಸೊಲ್ ಕಂಪ್ಯೂಟರ್ ಪರದೆಯ ಮೇಲೆ ‘ಪ್ರಯೋಗ’ ಎಂಬುದನ್ನು ಒತ್ತಬೇಕಿತ್ತು. ಅಷ್ಟರಲ್ಲಿ ಅಮ್ಮನ ಫೋನ್ ಬಂದು, ಅದರ ಕೆಳಗಿದ್ದ ‘ನಿಜ’ವನ್ನು ಒತ್ತಿಬಿಟ್ಟ.

ಚೊಂಗ್‌ಜು ಊರಿನ ಆ ಪುಟ್ಟ ಕಚೇರಿಯ ಆ್ಯಪ್, ಮದುವೆಗಳಿಗೆ ಆಳೆತ್ತರದ ಹೂಗುಚ್ಛ ಕಳಿಸುತ್ತಿತ್ತು. ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ಪರೀಕ್ಷಿಸುವುದು ಹನ್ಸೊಲ್‌ನ ಕೆಲಸ. ಆ್ಯಪ್‌ಗೆ ಒಂದೊಂದು ಕೆಲಸ ಹೇಳುವ ಮೂರು ರಿಕ್ವೆಸ್ಟುಗಳನ್ನು ರೈಲುಡಬ್ಬಿಗಳಂತೆ ಕೊಂಡಿ ಹಾಕಿಟ್ಟಿದ್ದ. ಮೊದಲನೆಯದು ಲಾಗಿನ್ ಆಗಿ ಕೀಲಿ ತರುತ್ತದೆ. ಎರಡನೆಯದು ಆ ಕೀಲಿಯಿಂದ ಆರ್ಡರ್ ಮಾಡಿ ನಂಬರ್ ತರುತ್ತದೆ. ಮೂರನೆಯದು ಆ ನಂಬರ್ ತೋರಿಸಿ ಆರ್ಡರನ್ನು ರದ್ದು ಮಾಡುತ್ತದೆ. ‘ಪ್ರಯೋಗ’ದಲ್ಲಿ ಓಡಿಸಿದರೆ ಎಲ್ಲ ಸುಳ್ಳು ಹೂವು; ‘ನಿಜ’ದಲ್ಲಿ ಓಡಿಸಿದರೆ ಹೂವಿನಂಗಡಿಯವನು ನಿಜಕ್ಕೂ ಲಾರಿ ಹತ್ತುತ್ತಾನೆ.

ವಿಳಾಸದ ಜಾಗದಲ್ಲಿ ಕಚೇರಿಯದನ್ನೇ ಹಾಕಿದ. ವರನ ಹೆಸರು ಬೇಕಲ್ಲ? ಪಕ್ಕದ ಕೋಣೆಯಿಂದ ಕಚೇರಿಯ ಮಾಲೀಕ ಮೇಂಗ್ ದೊಕ್ಸು ಸಾಹೇಬರು ಗುಡುಗುತ್ತಿದ್ದರು: “ಹನ್ಸೊಲ್, ಇನ್ನೊಂದು ತಪ್ಪು ಮಾಡಿದ್ರೆ ಮನೆಗೆ ಹೋಗ್ತೀಯ, ನೆನಪಿರ್ಲಿ!” ಅರವತ್ತರ ಅಂಚಿನಲ್ಲಿದ್ದ ಬ್ರಹ್ಮಚಾರಿ ಸಾಹೇಬರನ್ನೇ ವರ ಮಾಡಿದ. ಫೋನಿನಲ್ಲಿ ಅಮ್ಮ, “ತಿಂಡಿ ತಿಂದ್ಯೇನೋ?” ಎಂದಳು. ವಿಧವೆ ಅಮ್ಮ ಶಿಮ್ ಓಕ್ಬುನ್ ವಧುವಾದಳು.

ಸರಪಳಿಯನ್ನು ಓಡಿಸಿದರೆ, ಕೊನೆಗೆ ಆರ್ಡರ್ ರದ್ದಾಗುವ ಬದಲು, “ಯಾವ ಆರ್ಡರ್?” ಎಂಬ ಉತ್ತರ ಪರದೆಗೆ ಬಂತು. ಹನ್ಸೊಲ್ ತಲೆ ಕೆರೆದುಕೊಂಡು ಮತ್ತೆ ಮೊದಲಿನಿಂದ ಓಡಿಸಿದ. ಮತ್ತೆ, “ಯಾವ ಆರ್ಡರ್?” ಮತ್ತೆ ಓಡಿಸಿದ. ಅವನ ಹಟ ಮುಗಿಯುವ ಮೊದಲೇ ಲಿಫ್ಟಿನ ಬಾಗಿಲು ತೆರೆಯಿತು. ಇಬ್ಬರು ಆಳುಗಳು, ಸಿಂಗರಿಸಿದ ಆನೆಯಂಥದೊಂದು ಹೂಗುಚ್ಛವನ್ನು ಒಳಗೆ ತಂದರು. ರಿಬ್ಬನ್ನಿನ ಮೇಲೆ ದಪ್ಪಕ್ಷರ: ‘ಮೇಂಗ್ ದೊಕ್ಸು – ಶಿಮ್ ಓಕ್ಬುನ್ ಮದುವೆಗೆ ಶುಭಾಶಯ.’

“ಅಯ್ಯೋ, ಸೊನ್ಮಿ ಅಕ್ಕ! ನಿಜದಲ್ಲಿ ಓಡಿಸ್ಬಿಟ್ಟಿದೀನಿ!” ಹನ್ಸೊಲ್ ಗಾಬರಿಯಲ್ಲಿ ರದ್ದು ಮಾಡಲು ಹೋಗಿ ಇನ್ನೊಮ್ಮೆ ಇಡೀ ಸರಪಳಿಯನ್ನೇ ಒತ್ತಿದ.

ಹಿರಿಯ ಸಹೋದ್ಯೋಗಿ ಸೊನ್ಮಿ ಅವನ ಕೈಗೆ ಹೊಡೆದಳು. “ಒತ್ತಬೇಡ್ವೋ ಮಾರಾಯ! ನೀನು ಒತ್ತಿದಷ್ಟೂ ಸಲ ಆರ್ಡರ್ ಆಗತ್ತೆ. ಇಲ್ನೋಡು, ಎರಡನೇದು ನಂಬರ್ ಉಳಿಸಿರೋ ಹೆಸ್ರು ಒಂದು, ಮೂರನೇದು ಹುಡುಕ್ತಿರೋ ಹೆಸ್ರು ಇನ್ನೊಂದು. ಒಂದಕ್ಷರ ತಪ್ಪು. ಪಾಪ, ಅದು ಬರಿಗೈಲಿ ಹೋಗಿ ಪೆಚ್ಚಾಗಿ ವಾಪಸ್ ಬರ್ತಿದೆ.”

ಅಕ್ಷರ ತಿದ್ದುವಷ್ಟರಲ್ಲಿ ಕಾಲ ಮಿಂಚಿತ್ತು. ಹೂಗುಚ್ಛಗಳು ಮೆಟ್ಟಿಲ ಮೇಲೂ ಸಾಲುಗಟ್ಟಿದ್ದವು. ಕೆಳಮಹಡಿಯಲ್ಲಿ ಕಿಂಬಾಪ್ ಎಂಬ ಅನ್ನದ ಸುರುಳಿ ಮಾರುವ ಅಂಗಡಿಯ ಯಜಮಾನಿ ರಿಬ್ಬನ್ ಓದಿದವಳೇ ಫೋನಿಗೆ ಹಾರಿದಳು. ಅವಳೂ ಓಕ್ಬುನ್ನೂ ಊರಿನ ಸಾರ್ವಜನಿಕ ಸ್ನಾನಗೃಹದಲ್ಲಿ ಒಬ್ಬರ ಬೆನ್ನು ಒಬ್ಬರು ಉಜ್ಜುವ ಗೆಳತಿಯರು. “ಏನೇ ಕಳ್ಳಿ, ನಂಗೂ ಹೇಳದೆ ಮದ್ವೆನಾ?”

ಮೇಂಗ್ ಸಾಹೇಬರು ಹೊರಬಂದು ರಿಬ್ಬನ್ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. “ಯಾರದೀ ಕೆಲಸ?” ಎಂದಾಗ ಹನ್ಸೊಲ್ ಸೇವಂತಿಗೆಗಳ ಹಿಂದೆ ಮಾಯವಾಗಿದ್ದ, ಅವನ ಸೀನು ಮಾತ್ರ ಅವನನ್ನು ಹಿಡಿದುಕೊಟ್ಟಿತು.

“ಸಾರ್, ಅದು ಬರೀ ಪರೀಕ್ಷೆ...”

“ಪರೀಕ್ಷೆನಾ? ನೀನು ಫೇಲು! ಹೊರಡು ಮನೆಗೆ!”

“ಯಾರ್ರೀ ಅದು ನನ್ನ ಮಗನ್ನ ಹೊರಡು ಅನ್ನೋರು?” ಬಾಗಿಲಲ್ಲಿ ಓಕ್ಬುನ್ ನಿಂತಿದ್ದಳು. ಕಟ್ಟಿದ ಏಪ್ರನ್ ಬಿಚ್ಚಿರಲಿಲ್ಲ, ಕೈಯಲ್ಲಿ ಕಿಮ್ಚಿ ಎಂಬ ಖಾರದ ಉಪ್ಪಿನಕಾಯಿಯ ಡಬ್ಬಿ. “ನನ್ನ ಒಂದು ಮಾತು ಕೇಳ್ದೆ ನನ್ನ ಮದ್ವೆ ಗೊತ್ತು ಮಾಡೋಕೆ ನೀವ್ಯಾರು?”

“ನಂಗೂ ಈಗ್ಲೇ ಗೊತ್ತಾಗಿದ್ದು ಕಣಮ್ಮಾ,” ಎಂದರು ಸಾಹೇಬರು. ಅವರ ದನಿ ಅಷ್ಟು ಮೆತ್ತಗಾದದ್ದನ್ನು ಕಚೇರಿಯಲ್ಲಿ ಯಾರೂ ಕೇಳಿರಲಿಲ್ಲ.

ಓಕ್ಬುನ್ ಅವರ ಮೇಜಿನ ಮೇಲಿದ್ದ ಖಾಲಿ ನೂಡಲ್ಸ್ ಲೋಟಗಳನ್ನು ನೋಡಿದಳು. “ಇದನ್ನ ತಿಂದ್ಕೊಂಡು ಬದುಕಿದೀರಾ? ಅದಕ್ಕೇ ಊರಿನೋರ ಮೇಲೆಲ್ಲ ಹರಿಹಾಯ್ತೀರ. ಕೂತ್ಕೊಳ್ಳಿ.” ಡಬ್ಬಿ ತೆರೆಯಿತು. ಯಜಮಾನಿ ಕೆಳಗಿನಿಂದ ಬಿಸಿ ಅನ್ನ ತಂದಳು. ಸಾಹೇಬರು ಕಣ್ಣಲ್ಲಿ ನೀರು ತುಂಬಿಕೊಂಡು ತಿಂದರು. ಖಾರಕ್ಕೆ ಎಂದು ಅವರು ಹೇಳಿದರು, ಯಾರೂ ನಂಬಲಿಲ್ಲ.

ಎರಡನೇ ಸಲ ಅನ್ನ ಹಾಕಿಸಿಕೊಳ್ಳುವಾಗ, “ಹುಡುಗ ಒಳ್ಳೆಯೋನು. ಇರ್ಲಿ ಬಿಡಿ,” ಎಂದರು. ಹನ್ಸೊಲ್‌ನ ಕೆಲಸ ಉಳಿಯಿತು. ಸೊನ್ಮಿ ಚಪ್ಪಾಳೆ ತಟ್ಟಿದಳು. ಆಮೇಲೆ ಸಾಹೇಬರು ಡಬ್ಬಿ ಹಿಂತಿರುಗಿಸುವ ನೆಪದಲ್ಲಿ ಓಕ್ಬುನ್ ಮನೆಗೆ ಹೋದರು. ಹೋದವರು ಮತ್ತೊಂದು ಡಬ್ಬಿ ಹಿಡಿದು ಬಂದರು. ಹೀಗೆ ಹೋಗಿ ಬಂದು ಮಾಡುತ್ತಲೇ ಶರತ್ಕಾಲದಲ್ಲಿ ಮದುವೆಯೂ ಆಯಿತು. ಹನ್ಸೊಲ್ ಎಲ್ಲರಿಗಿಂತ ಜೋರಾಗಿ ಕುಣಿದ. ಅಮ್ಮ ನಗುತ್ತಿದ್ದಳು, ಕೆಲಸ ಭದ್ರವಾಗಿತ್ತು, ಇನ್ನೇನು ಬೇಕು?

ಮದುವೆಯ ಮಾರನೆಯ ವಾರ, ಚಳಿಯ ಬೆಳಿಗ್ಗೆ, ಬೆಚ್ಚನೆಯ ಹೊದಿಕೆಯೊಳಗೆ ಮಲಗಿಕೊಂಡೇ ಅವನು ಸಾಹೇಬರಿಗೆ ಸಂದೇಶ ಕಳಿಸಿದ: ‘ವಿಪರೀತ ಜ್ವರ. ಏಳಲಾಗುತ್ತಿಲ್ಲ. ಇವತ್ತು ರಜೆ ಬೇಕು.’

ಉತ್ತರ ಫೋನಿಗೆ ಬರಲಿಲ್ಲ. ಕೋಣೆಯ ಬಾಗಿಲು ತೆರೆಯಿತು. ಅಡುಗೆಮನೆಯಿಂದ ನೇರ ಬಂದ ಮೇಂಗ್ ಸಾಹೇಬರು, ಕೈಯಲ್ಲಿ ಥರ್ಮಾಮೀಟರ್ ಹಿಡಿದು ನಿಂತಿದ್ದರು.

“ಬಾಯಿ ತೆಗಿ, ಮಗನೇ.”