ಐವತ್ತು ಮಂದಿಯ ಕೈ

ತಪ್ಪೆಲ್ಲ ನೋಟೀಸಿನ ಹಿಂಬದಿಗಿದ್ದ ಫಾರ್ಮಿನದು. ‘ಇನ್ನು ವಾರ್ಷಿಕ ಸಭೆ ಮೊಬೈಲಿನಲ್ಲೇ ನಡೆಯಲಿ ಎಂಬುದನ್ನು ಮತಕ್ಕೆ ಹಾಕಲಾಗುವುದು’ ಎಂದು ಗೋವಾದ ಮಡಗಾಂವಿನ ಸೋಡಾ ಕಂಪನಿ ಬರೆದದ್ದೇ ತಡ, ಅಲ್ಲೇ ದುಡಿದಿದ್ದ ಮೋತಿ ಡೊಂಗರ್ ಕೇರಿಯ ಕರೆಪ್ಪನ ಹೊಟ್ಟೆಗೆ ಬೆಂಕಿ ಬಿತ್ತು.

ಹಳೇ ಮಾಲೀಕರು ಕೆಲಸಗಾರರಿಗೆಲ್ಲ ಐದೈದು ಷೇರು ಕೊಟ್ಟು ಹೋಗಿದ್ದರು. ಕೆಲಸ ಬಿಟ್ಟಮೇಲೆ ಒಬ್ಬರು ಚಿಂಬಲ್ಲಿಗೆ, ಇನ್ನೊಬ್ಬರು ಉಸಗಾಂವಕ್ಕೆ ಚದುರಿದ್ದರು. ವರ್ಷಕ್ಕೊಮ್ಮೆ ಸಭೆಯ ದಿನವೇ ಎಲ್ಲರ ಮುಖ ಕಾಣುತ್ತಿದ್ದದ್ದು. ಕಂಪನಿಯ ವರದಿ ಯಾರಿಗೆ ಬೇಕಿತ್ತು! ಬಟಾಟೆವಡೆ ಮುರಿಯುತ್ತ, ಒಡೆದ ಬಾಟಲಿ, ಬೈದ ಸೂಪರ್‌ವೈಜರ್, ತೀರಿಹೋದ ಗೆಳೆಯರನ್ನು ನೆನೆದು ನಕ್ಕು, ಅತ್ತು ಏಳುತ್ತಿದ್ದರು. ಅದೊಂದು ದಿನಕ್ಕಾಗಿ ಕರೆಪ್ಪ ವರ್ಷವಿಡೀ ಕಾಯುತ್ತಿದ್ದ.

“ಬಿಡಂಗಿಲ್ಲ ಖುರ್ಷಿದಕ್ಕಾ! ಷೇರುದಾರರಿಗೂ ಹಕ್ಕೈತಿ!” ಎಂದು ಪಕ್ಕದ ಮನೆಗೆ ನುಗ್ಗಿದ. ಖುರ್ಷಿದಾಬೇಗಂ ಅದೇ ಕಾರ್ಖಾನೆಯಲ್ಲಿ ಬಾಟಲಿ ತೊಳೆದವಳು.

“ಐತಿ ಖರೇ. ಆದ್ರ ಈ ಸಲ ಒಬ್ರೂ ತಪ್ಪಂಗಿಲ್ಲ; ಕೂಲಿ ಬಿಟ್ಟು ಎಲ್ಲಾರೂ ಹೆಂಗ ಬರೂದು? ನೋಟೀಸಿನ ಹಿಂದಿನ ಈ ಪ್ರಾಕ್ಸಿ ಫಾರ್ಮಿಗೆ ಸಹಿ ಮಾಡಿದ್ರ ನಮ್ಮ ಮತ ನೀವ ಹಾಕಬಹುದಂತ,” ಎಂದಳು.

ಒಬ್ಬನಿಗೆ ಐವತ್ತು ಮಂದಿಯ ಮತ ಹಾಕಲು ಕಾನೂನು ಬಿಡುತ್ತದೆ. ಕರೆಪ್ಪ ಮೂರು ಬಸ್ಸು ಹತ್ತಿಳಿದು, ಚಿಂಬಲ್ಲಿನ ನಾಯಿಗೊಂದು ಚಪ್ಪಲಿ ಬಿಟ್ಟುಕೊಟ್ಟು, ಅಷ್ಟೂ ಸಹಿ ತಂದ. “ನೀ ಬರೂದ ಬ್ಯಾಡೋ, ಸಹಿ ಅಷ್ಟ ಮಾಡು!” ಎಂದು ಬರಲು ಹೊರಟವರನ್ನೂ ಕೂರಿಸಿದ. ಎರಡು ದಿನ ಮೊದಲೇ ಫಾರ್ಮುಗಳನ್ನು ಆಫೀಸಿಗೆ ಮುಟ್ಟಿಸಿದ.

ಸಭೆಯಲ್ಲಿ ಹಳೇ ಮಾಲೀಕರ ಇಬ್ಬರು ಮಕ್ಕಳು ಹೆಂಡಂದಿರೊಡನೆ ಕೂತಿದ್ದರು. ಮೊಬೈಲ್ ಸಭೆ ಅಣ್ಣನಿಗೆ ಬೇಕು, ತಮ್ಮನಿಗೆ ಬೇಡ; ಇಬ್ಬರ ಷೇರೂ ಸರಿಸಮ. ಕರೆಪ್ಪ ಎದ್ದ.

“ಮೊಬೈಲ್‌ನ್ಯಾಗ ಒಬ್ರ ಕೈ ಒಬ್ರು ಹಿಡಿಯಾಕ ಬರ್ತೈತೇನ್ರಿ? ಕೈ ಎತ್ತಿಸಬ್ಯಾಡ್ರಿ, ಷೇರಿನ ಲೆಕ್ಕದಾಗ ಮತ ಎಣಸ್ರಿ!”

ಎಣಿಸಿದರು. ಕರೆಪ್ಪ ತಂದ ಮತಗಳು ತಮ್ಮನ ಕಡೆ ಬಿದ್ದು ಅಣ್ಣ ಸೋತ.

“ಆತ್ರಿ ಕಾಕಾ, ಸಭಿ ಇನ್ನ ಮ್ಯಾಲೂ ಇಲ್ಲೇ,” ಎಂದ ಅವನು.

“ಗೆದ್ವೋ!” ಎಂದು ಕರೆಪ್ಪ ಗೆಳೆಯರ ಕಡೆ ತಿರುಗಿದ. ಸಾಲುಸಾಲು ಖಾಲಿ ಕುರ್ಚಿ. ಮೇಜಿನ ಮೇಲೆ ಬಟಾಟೆವಡೆ ಆರುತ್ತಿತ್ತು. ಅಯ್ಯೋ, ಬರುವವರನ್ನೆಲ್ಲ ತಾನೇ ತಡೆದು ಬಂದಿದ್ದನಲ್ಲ! ಅವನಿಗೆ ಅಳು ಬಂತು.

ಸಂಕಟ ತಾಳದೆ ಖುರ್ಷಿದಾಬೇಗಂಗೆ ಫೋನು ಹಚ್ಚಿದ. “ಗೆದ್ವಿ ಅಕ್ಕಾ. ಮುಂದಿನ ವರ್ಷ ಎಲ್ಲಾರೂ ಬರ್ರಿ.”

“ಭಾಳ ಚಲೋ ಆತು ಕರೆಪ್ಪಣ್ಣಾ! ಆದ್ರ ನಾವ್ಯಾಕ ಬರೂದು? ಸಹಿ ಮಾಡಿಕೊಡ್ತೀವಿ, ಪ್ರತಿ ವರ್ಷಾ ನೀವೊಬ್ರ ಹೋಗಿಬರ್ರಿ!”