ಎಡಕ್ಕೆ ತಿರುಗಿದ ಡ್ಯಾನ್ಸು

ಪ್ರೈಮರಿ ಶಾಲೆಯ ಟೀಚರಿಗೆ ಬಾರದ ವಿದ್ಯೆಯಿಲ್ಲ ಎಂದು ಲೋಕ ನಂಬಿದೆ. ನಾನು ಮೊಟ್ಟೆ ಬೇಯಿಸಿದ್ದೇನೆ, ಜಂತುಹುಳದ ಮಾತ್ರೆ ನುಂಗಿಸಿದ್ದೇನೆ, ಮತದಾರರ ಪಟ್ಟಿ ಹಿಡಿದು ಹೋಗಿ ಊರ ನಾಯಿಗಳಿಂದ ಓಡಿಸಿಕೊಂಡಿದ್ದೇನೆ. ಹಾಗಾಗಿ ಸುಳ್ಯದಲ್ಲಿ ನಡೆದ ತರಬೇತಿಯೊಂದರಲ್ಲಿ, ಗುಂಪು ನೃತ್ಯ ಮಾಡಿಸಿದರೆ ಮಕ್ಕಳಲ್ಲಿ 'ನಮ್ಮವರು' ಎಂಬ ಭಾವ ಬೆಳೆಯುತ್ತದೆ ಎಂದು ಹೇಳಿದಾಗ, ಅದನ್ನೂ ಬೆಳೆಸಿಬಿಡೋಣ ಎಂದುಕೊಂಡೆ.

ಬೆಳೆಸಬೇಕಾದ ಅಗತ್ಯವೂ ಕಣ್ಣೆದುರೇ ಇತ್ತು. ಕಲ್ಲುಗುಂಡಿಯ ಆಚೆ ರಬ್ಬರ್ ತೋಟದ ಟ್ಯಾಪಿಂಗ್ ಕೆಲಸಕ್ಕೆಂದು ಜಾರ್ಖಂಡಿನಿಂದ ಬಂದವರ ಮಗಳು ಫೂಲಮಣಿ ನನ್ನ ಮೂರನೇ ಕ್ಲಾಸಿಗೆ ಸೇರಿದ್ದಳು. ನಮ್ಮ ಮಕ್ಕಳೋ ತುಳುವಿನಲ್ಲಿ ಜಗಳ ತೆಗೆದು, ಅರೆಭಾಷೆಯಲ್ಲಿ ಬೈದು, ಕನ್ನಡದಲ್ಲಿ ದೂರು ಕೊಡುವ ಪಂಡಿತರು. ಇಷ್ಟು ಭಾಷೆಗಳಲ್ಲಿ ಒಂದೂ ಅವಳದ್ದಲ್ಲ. ಆಟದ ಬಿಡುವಿನಲ್ಲಿ ಅವಳು ನೀರಿನ ನಲ್ಲಿಯ ಹತ್ತಿರ ಒಬ್ಬಳೇ ನಿಂತಿರುತ್ತಿದ್ದಳು. ಅದನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ.

ವಾರ್ಷಿಕೋತ್ಸವಕ್ಕೆ ಡ್ಯಾನ್ಸಿನ ಅಭ್ಯಾಸ ಶುರುವಾಯಿತು. ನಾನು ಮಕ್ಕಳಿಗೆ ಎದುರಾಗಿ ನಿಂತು "ಬಲಕ್ಕೆ" ಎಂದು ನನ್ನ ಬಲಕ್ಕೆ ತಿರುಗಿದರೆ ಎಲ್ಲರೂ ತಮ್ಮ ಬಲಕ್ಕೆ ತಿರುಗುತ್ತಿದ್ದರು, ಫೂಲಮಣಿ ಮಾತ್ರ ಎಡಕ್ಕೆ. ಪಕ್ಕದಲ್ಲಿದ್ದ ಧನ್ಯಾ ದಿನವೂ ದೂರು ತಂದಳು. "ಟೀಚರ್, ಇವಳು ಯಾವಾಗಲೂ ಆಚೆ ತಿರುಗುದು. ನನ್ನ ತಲೆಗೆ ಇವಳ ತಲೆ ತಾಗ್ತದೆ." ಹೆಡ್ಮಾಸ್ಟರು ಪರಿಹಾರ ಕೊಟ್ಟರು. "ಅವಳನ್ನು ಪರದೆ ಎಳಿಲಿಕ್ಕೆ ನಿಲ್ಲಿಸಿ ಮಾರಾಯ್ರೆ. ಅದೂ ಒಂದು ಕಾರ್ಯಕ್ರಮವೇ ಅಲ್ವಾ?"

ಪರದೆಯ ಹಿಂದೆ ನಿಂತ ಮಗು ಯಾರಿಗೆ ನಮ್ಮವಳಾಗುತ್ತಾಳೆ? ಅದಕ್ಕಿಂತ ಹೆಚ್ಚಾಗಿ, ಅವಳು ಎಡಕ್ಕೇ ಯಾಕೆ ತಿರುಗುತ್ತಾಳೆ ಎಂಬ ಕುತೂಹಲ ನನ್ನನ್ನು ಬಿಡಲಿಲ್ಲ. ಭಾನುವಾರ ಮನೆಯ ಕನ್ನಡಿಯೆದುರು ಕುಣಿದು ನೋಡಿದೆ. ನಮ್ಮವರು ಬಾಗಿಲಲ್ಲಿ ಇಣುಕಿ, ಏನೂ ಕೇಳದೆ ಹೋದರು. ಮದುವೆಯಾಗಿ ಬಹಳ ಕಾಲವಾಯಿತಲ್ಲ. ಕುಣಿಯುತ್ತಾ ಇರುವಾಗಲೇ ಹೊಳೆಯಿತು. ಎದುರು ನಿಂತವಳ ಬಲ, ನೋಡುವವಳಿಗೆ ಎಡ. ಉಳಿದವರು ನನ್ನ ಮಾತು ಕೇಳಿ ತಿರುಗುತ್ತಿದ್ದರು. ಮಾತು ತಿಳಿಯದ ಫೂಲಮಣಿ ನನ್ನನ್ನು ನೋಡಿ, ನಾನು ಹೋದ ಕಡೆಗೇ ಬರುತ್ತಿದ್ದಳು. ಇಡೀ ಕ್ಲಾಸಿನಲ್ಲಿ ನನ್ನನ್ನು ಗಮನವಿಟ್ಟು ನೋಡುತ್ತಿದ್ದವಳು ಅವಳೊಬ್ಬಳೇ.

ಮರುದಿನದಿಂದ ನಾನು "ಬಲಕ್ಕೆ" ಎಂದು ಹೇಳಿ ನನ್ನ ಎಡಕ್ಕೆ ತಿರುಗತೊಡಗಿದೆ. ಆದರೆ ಅವಳಿಗೆ ಆಗಲೇ ಎಡವೇ ರೂಢಿಯಾಗಿ ಹೋಗಿತ್ತು. ಹೆಡ್ಮಾಸ್ಟರು ಮತ್ತೆ ಪರದೆಯ ಹಗ್ಗ ತೋರಿಸಿದರು. "ಅವಳು ಕುಣಿಯಲಿ ಸರ್, ಜನ ನಗಾಡಿದ್ರೆ ನಾನು ನೋಡಿಕೊಳ್ತೇನೆ" ಎಂದೆ.

ವಾರ್ಷಿಕೋತ್ಸವದ ದಿನ ವೇದಿಕೆಯ ಕೆಳಗೆ ನಿಂತು, ಮಕ್ಕಳಿಗೆ ತೋರಿಸಲು ನನ್ನ ಎಡಕ್ಕೆ ತಿರುಗಿದೆ. ಫೂಲಮಣಿ ಎಂದಿನಂತೆ ತನ್ನ ಎಡಕ್ಕೆ ತಿರುಗಿದಳು. ಅವಳ ಜೊತೆ ಧನ್ಯಾ ತಿರುಗಿದಳು, ಧನ್ಯಾಳ ಜೊತೆ ಇಡೀ ಸಾಲು ತಿರುಗಿತು. ಒಂದು ತಲೆಗೂ ತಲೆ ತಾಗಲಿಲ್ಲ. ಊರಿನವರೆದುರು ಉಲ್ಟಾ ಹೋಗುತ್ತಿದ್ದವಳು ನಾನೊಬ್ಬಳೇ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನೋಡಿಕೊಳ್ಳುತ್ತೇನೆ ಎಂದವಳು ನಾನೇ ತಾನೇ?

ಪರದೆ ಬಿದ್ದ ಮೇಲೆ ಧನ್ಯಾ ಫೂಲಮಣಿಯ ಕೈ ಹಿಡಿದುಕೊಂಡೇ ಬಂದಳು. "ಎಂತ ಮಾಡಿದ್ದು ನೀವೆಲ್ಲ?" ಎಂದು ಕೇಳಿದೆ.

"ಇವಳೊಬ್ಬಳೇ ಆಚೆ ತಿರುಗಿದ್ರೆ ಜನ ನಗಾಡ್ತಾರೆ ಟೀಚರ್. ಹೇಳಿದ್ರೆ ಇವಳಿಗೆ ಗೊತ್ತಾಗುದಿಲ್ಲ. ಅದಕ್ಕೆ ನಾವೇ ಆಚೆ ತಿರುಗುದು ಅಂತ ಮಾತಾಡಿಕೊಂಡದ್ದು."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಡ್ಯಾನ್ಸಿನಲ್ಲಿ ಇಲ್ಲ ಅಲ್ವಾ?"

ನನಗೆ ಖುಷಿಯಾಯಿತು, ತುಸು ಹೊಟ್ಟೆಕಿಚ್ಚೂ ಆಯಿತು. ಮುಂದಿನ ವರ್ಷ ನನ್ನನ್ನೂ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿಯೇಬಿಟ್ಟೆ. ಧನ್ಯಾ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನಿಮಗೆ ತುಂಬ ಪ್ರಾಕ್ಟೀಸ್ ಬೇಕಾಗ್ತದೆ ಟೀಚರ್."